ಹೊಸ ಕಾರಿನ ಸಿಳ್ಳೆ ಸದ್ದು, ಕಡಿಮೆಯಾಗುವ ಆಯಿಲ್: ಹುಬ್ಬಳ್ಳಿಯಲ್ಲಿ ನಾನು ಕಂಡ ಎರಡು ಸರ್ವಿಸ್

ನೇರವಾಗಿ ಹೇಳಿಬಿಡುತ್ತೇನೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಐದಕ್ಕೆ ಎರಡು ಸ್ಟಾರ್. ಕಾಯಿಲೆ ಏನು ಅಂತ ಹಿಡಿದುಕೊಟ್ಟ ಚಿಕ್ಕ ಗ್ಯಾರೇಜಿಗೆ ಐದಕ್ಕೆ ಐದು. ಎರಡೂ ನಮ್ಮ ಹುಬ್ಬಳ್ಳಿಯಲ್ಲೇ ಇವೆ. ಹೆಸರು ಬರೆಯುವುದಿಲ್ಲ. ಅದೇ ಸೆಂಟರಿನಲ್ಲಿ ಬೇರೆಯವರಿಗೆ ಚೆನ್ನಾಗಿ ಆಗಿರಬಹುದು, ಮತ್ತೆ ಇದೇ ಕಥೆ ಬೇರೆ ಕಂಪನಿಯ ಗಾಡಿ ಇಟ್ಟುಕೊಂಡವರಿಂದಲೂ ಕೇಳಿದ್ದೇನೆ. ವಾರಂಟಿ ಒಳಗಿರುವ ಗಾಡಿಯಲ್ಲಿ ಹೊಸದಾಗಿ ಸದ್ದು ಶುರುವಾಗಿ, ಜೊತೆಗೆ ಆಯಿಲ್ ಕೂಡ ಇಳಿಯುತ್ತಿದ್ದರೆ, 'ಇದು ನಾರ್ಮಲ್' ಅನ್ನುವ ಒಂದು ಮಾತು ಕೇಳಿಕೊಂಡು ಮನೆಗೆ ವಾಪಸ್ ಬರಬೇಡಿ. ಅಳೆಯಿರಿ. ಅಳತೆಯನ್ನು ಜಾಬ್ ಕಾರ್ಡಿನಲ್ಲಿ, ಅಂದರೆ ಸರ್ವಿಸ್ ಸೆಂಟರಿನವರು ದೂರು ಮತ್ತು ಕೆಲಸ ಬರೆದಿಡುವ ಚೀಟಿಯಲ್ಲಿ, ಬರೆಸಿ. ಯಾಕೆ ಅಂತ ಕೆಳಗೆ ವಿವರವಾಗಿ ಬರೆದಿದ್ದೇನೆ.

ಗಾಡಿ ಒಂದು ಲೀಟರಿನ ಟರ್ಬೊ ಪೆಟ್ರೋಲ್ (ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ), ಮೂರು ಸಿಲಿಂಡರ್. ಮನೆ ವಿದ್ಯಾನಗರದಲ್ಲಿ, ಕೆಲಸ ಧಾರವಾಡದಲ್ಲಿ. ದಿನಾ ಪಿ.ಬಿ. ರೋಡ್ ಹಿಡಿದು ಉಣಕಲ್, ನವನಗರ, ರಾಯಾಪುರ, ಸತ್ತೂರು ದಾಟಿ ಜ್ಯುಬಿಲಿ ಸರ್ಕಲ್ ತನಕ ಓಡಾಟ. ಚಿಗರಿ ಬಸ್ಸಿಗೆ ಬೇರೆಯೇ ದಾರಿ ಇದೆ, ಅವು ಸರಾಗ ಹೋಗುತ್ತವೆ. ನಾವು ಪಕ್ಕದ ಲೇನಿನಲ್ಲಿ ಸಿಗ್ನಲಿಗೊಮ್ಮೆ ನಿಂತು ಹೋಗುತ್ತೇವೆ. ಹಾಗೆ ನಿಂತಾಗಲೇ ಸದ್ದು ಕಿವಿಗೆ ಬಿತ್ತು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಸಣ್ಣಗೆ ಸುಯ್ ಅನ್ನುತ್ತದಲ್ಲ, ಹಾಗೆ. ಎಕ್ಸಲರೇಟರ್ ಒತ್ತಿದರೆ ಇಲ್ಲ. ಕಾಲು ತೆಗೆದು ಐಡಲಿಗೆ ಬಂದರೆ ಮತ್ತೆ ಶುರು. ಎಸಿ ಬಂದ್ ಮಾಡಿದರೂ ಅಷ್ಟೇ, ಚಾಲೂ ಮಾಡಿದರೂ ಅಷ್ಟೇ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ಹೊಸ ಗಾಡಿಗಳಲ್ಲಿ ಬರುವ ಎಲ್ಲ ಸದ್ದೂ ಕಾಯಿಲೆ ಅಲ್ಲ. ನಾನೂ ಈ ಗಾಡಿ ತಗೊಂಡ ಮೇಲೆ ಒಂದೊಂದೇ ತಿಳಿದುಕೊಂಡೆ. ಡೈರೆಕ್ಟ್ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಜೆಕ್ಟರ್‌ಗಳು ಟಿಕ್ ಟಿಕ್ ಅನ್ನುತ್ತಲೇ ಇರುತ್ತವೆ. ಪೆಟ್ರೋಲನ್ನು ತುಂಬಾ ಒತ್ತಡದಲ್ಲಿ ನೇರ ಸಿಲಿಂಡರಿನೊಳಗೆ ಸಿಡಿಸುವುದರಿಂದ ಆ ಸದ್ದು, ಬಾನೆಟ್ ತೆಗೆದರೆ ಇನ್ನೂ ಜೋರು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಅಂತ ಒಂದು ಇದೆ, ಅದೂ ಆಗಾಗ ಟಕ ಟಕ ಮಾಡುತ್ತದೆ. ಎಸಿ ಕಂಪ್ರೆಸರಿನ ಕ್ಲಚ್ ಹಿಡಿಯುವಾಗ ಒಂದು ಟಕ್. ರಾತ್ರಿ ಮಳೆ ಬಿದ್ದು ಬೆಳಿಗ್ಗೆ ಗಾಡಿ ತೆಗೆದರೆ ಬ್ರೇಕ್ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂತಿರುತ್ತದೆ, ಮೊದಲ ನಾಲ್ಕೈದು ಸಲ ಬ್ರೇಕ್ ಹಿಡಿಯುವ ತನಕ ಸರ್ ಅಂತ ಕೆರೆಯುತ್ತದೆ. ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ ತಗಡು ಸಡಿಲವಾದರೆ ಡಬ್ಬಿ ಅಲ್ಲಾಡಿಸಿದ ಸದ್ದು ಬರುತ್ತದೆ, ಕೇಳುವವರಿಗೆ ಎಂಜಿನ್ನೇ ಹೋಯಿತೇನೋ ಅನ್ನಿಸುತ್ತದೆ, ನೋಡಿದರೆ ಒಂದು ಬೋಲ್ಟಿನ ಕೆಲಸ. ಇನ್ನು ನಮ್ಮೂರಿನ ರಸ್ತೆ ಗೊತ್ತಲ್ವಾ, ಗುಂಡಿಗೆ ಇಳಿದು ಇಳಿದು ಮುಂದಿನ ಸಸ್ಪೆನ್ಶನ್ನಿನ ಲಿಂಕ್ ರಾಡ್ ಬೇಗ ಸವೆದು ಟಕ್ ಟಕ್ ಅನ್ನುತ್ತದೆ.

ಆದ್ದರಿಂದ ಸದ್ದು ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ಎಂಜಿನ್ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ನಿಂತಾಗಲೋ, ಓಡುವಾಗಲೋ? ಓಡುವಾಗ ಬರುವುದಾದರೆ ಅದು ಎಂಜಿನ್ ಸ್ಪೀಡಿನ ಜೊತೆ ಏರುತ್ತದೋ, ಚಕ್ರದ ಸ್ಪೀಡಿನ ಜೊತೆಗೋ? ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಎರಡು ಮೂರು ಸೆಕೆಂಡ್ ಬರುವ ಸರಪಳಿಯಂಥ ಖಡಖಡ ಸದ್ದನ್ನು ಮಾತ್ರ ಹಗುರವಾಗಿ ತಗೋಬೇಡಿ. ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಶನರ್ ಬಹಳಷ್ಟು ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಆಯಿಲ್ ಕಡಿಮೆಯಾದರೆ ಅದಕ್ಕೆ ಒತ್ತಡ ಸಿಗೋದು ತಡ. ಅಂದರೆ ಸದ್ದು ಬೇರೆ, ಆಯಿಲ್ ಬೇರೆ ಅಂತ ಎರಡು ದೂರು ಬರೆಸುವ ಮುಂಚೆ ಎರಡೂ ಒಂದೇ ಇರಬಹುದಾ ಅಂತ ನೋಡಬೇಕು. ನನ್ನ ಗಾಡಿಯಲ್ಲಿ ಒಂದೇ ಆಗಿತ್ತು.

ಆಯಿಲ್ ವಿಷಯ ಗೊತ್ತಾಗಿದ್ದು ಅಂಕೋಲಾಕ್ಕೆ ಹೊರಡುವ ಮುಂಚೆ. ದೂರದ ದಾರಿ ಅಂತ ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದರೆ ಕೆಳಗಿನ ಗೆರೆಗಿಂತ ಸ್ವಲ್ಪವೇ ಮೇಲಿತ್ತು. ಮೊದಲ ವರ್ಷ ಇದೇ ಗಾಡಿಯಲ್ಲಿ ಸರ್ವಿಸಿನಿಂದ ಸರ್ವಿಸಿಗೆ ಕಡ್ಡಿಯಲ್ಲಿ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಅದೇ ಗ್ರೇಡಿನ ಆಯಿಲ್ ತಂದು ಹಾಕಿ ಹೊರಟೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಗೇರಿನಲ್ಲೇ ಹಿಡಿದು ಇಳಿಸಿದೆ. ಕೆಳಗೆ ಮುಟ್ಟಿ ಎಕ್ಸಲರೇಟರ್ ಕೊಟ್ಟ ಕೂಡಲೇ ಹಿಂದಿನ ಗಾಡಿಯಲ್ಲಿದ್ದ ಗೆಳೆಯನ ಫೋನ್ ಬಂತು. 'ಲೇ, ನಿನ್ ಗಾಡಿ ನೀಲಿ ಹೊಗಿ ಬಿಡಾಕತ್ತೈತಿ ನೋಡ.' ನಿಲ್ಲಿಸಿ ನೋಡಿದೆವು. ಅಷ್ಟರಲ್ಲಿ ಹೊಗೆ ಇರಲಿಲ್ಲ. ಒಂದು ಮೋಡ ಬಂದು ಹೋಗಿತ್ತು ಅಷ್ಟೇ.

ನೀಲಿ ಹೊಗೆ ಅಂದರೆ ಎಂಜಿನ್ನಿನೊಳಗೆ ಆಯಿಲ್ ಸುಡುತ್ತಿದೆ ಅಂತ. ಅದು ಯಾವಾಗ ಬರುತ್ತದೆ ಅನ್ನುವುದರಲ್ಲೂ ಸುಳಿವು ಇದೆ. ರಾತ್ರಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಏರು ಹತ್ತುವಾಗ, ಜೋರಾಗಿ ಎಳೆಯುವಾಗ ಒಂದೇ ಸಮ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ ಕಡೆ ನೋಡಬೇಕು. ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು ಆಮೇಲೆ ಕೊಟ್ಟಾಗ ಬಂದರೆ, ಎಂಜಿನ್ ತನ್ನ ಉಸಿರಿನ ಜೊತೆ ಎಲ್ಲಿಂದಲೋ ಆಯಿಲ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚಿದಾಗ ಒಳಗಿನ ಎಳೆತ ಜಾಸ್ತಿ ಇರುತ್ತದೆ, ಅದಕ್ಕೆ. ಈ ಎಳೆತ ವಾಲ್ವ್ ಸೀಲಿನಿಂದಲೂ ಆಗಬಹುದು, ಎಂಜಿನ್ನಿನೊಳಗಿನ ಹೊಗೆಯನ್ನು ಮತ್ತೆ ಎಳೆದುಕೊಳ್ಳುವ ಪಿಸಿವಿ ವಾಲ್ವಿನಿಂದಲೂ ಆಗಬಹುದು. ಪಿಸಿವಿ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ಸರ್ವಿಸ್ ಸೆಂಟರ್. ಒಳ್ಳೆಯದನ್ನು ಮೊದಲು ಹೇಳಬೇಕು. ಫೋನ್ ಮಾಡಿದರೆ ಎತ್ತುತ್ತಾರೆ, ಹೇಳಿದ ಹೊತ್ತಿಗೆ ಗಾಡಿ ಒಳಗೆ ತಗೋತಾರೆ, ವಾಷಿಂಗ್ ಬಹಳ ಚೆಂದ. ಬಿಲ್ಲಿನಲ್ಲಿ ಹೇಳಿದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಬಂದಿಲ್ಲ. ಮಾತು ಕೂಡ ಮರ್ಯಾದೆಯದ್ದೇ. ತೊಂದರೆ ಇರುವುದು ಕಾಯಿಲೆ ಹುಡುಕುವ ಕಡೆ. ಅಡ್ವೈಸರ್ ಬಾನೆಟ್ ಎತ್ತುವ ಮುಂಚೆಯೇ ಉತ್ತರ ಕೊಟ್ಟರು. 'ಸರ, ಟರ್ಬೊ ಗಾಡಿ ಅಂದಮ್ಯಾಲೆ ಸ್ವಲ್ಪ ಆಯಿಲ್ ತಗೋತೈತ್ರಿ. ಎಲ್ಲಾ ಗಾಡೀನೂ ಹಂಗ ಅದಾವ್ರಿ.' ಸದ್ದಿನ ಬಗ್ಗೆ ಕೇಳಿದರೆ ಟೆಸ್ಟ್ ಡ್ರೈವ್ ಮಾಡುತ್ತೇವೆ ಅಂದರು. ಓಡಿಸುತ್ತಾ ಇದ್ದಾಗ ಬರದ ಸದ್ದಿಗೆ ಓಡಿಸಿ ನೋಡಿದರೆ ಏನು ಸಿಗುತ್ತದೆ? ಜಾಬ್ ಕಾರ್ಡಿನಲ್ಲಿ 'ಗ್ರಾಹಕರು ಹೇಳಿದ ತೊಂದರೆ ಕಂಡುಬಂದಿಲ್ಲ' ಅಂತ ಬರೆದು, ಆಯಿಲ್ ಟಾಪ್ ಅಪ್ ಮಾಡಿ, ಗಾಡಿ ಹೊಳೆಯುವ ಹಾಗೆ ತೊಳೆದು ಕೊಟ್ಟರು. ಜೊತೆಗೆ ಸಾವಿರದ ಮೇಲಿನ ಎಂಜಿನ್ ಫ್ಲಶ್, ಇನ್ನೊಂದು ಯಾವುದೋ ಕೋಟಿಂಗ್ ಮಾಡಿಸಿಕೊಳ್ಳಿ ಅಂತ ಸಲಹೆ. ಬೇಡ ಅಂದೆ.

ಮನೆಗೆ ಬಂದು ಮರುದಿನ ಕಡ್ಡಿ ನೋಡಿದರೆ ಮೇಲಿನ ಗೆರೆಯನ್ನೂ ದಾಟಿ ಆಯಿಲ್ ತುಂಬಿದ್ದರು. ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು. ಆಯಿಲ್ ಕಡಿಮೆ ಇದ್ದರೆ ಎಷ್ಟು ಕೆಟ್ಟದ್ದೋ ಜಾಸ್ತಿ ಇದ್ದರೂ ಕೆಟ್ಟದ್ದೇ. ಕ್ರ್ಯಾಂಕ್ ಶಾಫ್ಟ್ ತಿರುಗುವಾಗ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಪಂಪಿಗೆ ಒತ್ತಡ ಸರಿಯಾಗಿ ಸಿಗುವುದಿಲ್ಲ. ಹೆಚ್ಚಾದ ಆಯಿಲ್ ಉಸಿರಿನ ಪೈಪಿನಲ್ಲಿ ಎಂಜಿನ್ನಿಗೇ ವಾಪಸ್ ಹೋಗಿ ಸುಡುತ್ತದೆ. ಆಯಿಲ್ ಕುಡಿಯುತ್ತದೆ ಅಂತ ದೂರು ಕೊಟ್ಟ ಗಾಡಿಗೆ ಹೀಗೆ ಮಾಡಿದರೆ ಅಳತೆಯೇ ಹಾಳು. ಮತ್ತೆ ಹೋಗಿ ಹೆಚ್ಚಿನದ್ದು ತೆಗೆಸಿದೆ. ಅದನ್ನು ಮಾತ್ರ ತಕ್ಷಣ ಮಾಡಿಕೊಟ್ಟರು.

ಆಮೇಲೆ ಮಿತಿಯ ವಾದ ಬಂತು. ಮ್ಯಾನುಯಲ್ ತೋರಿಸಿ, 'ನೋಡ್ರಿ ಸರ, ಇಲ್ಲೇ ಬರದೈತಿ, ಸಾವಿರ ಕಿಲೋಮೀಟರಿಗೆ ಒಂದ್ ಲೀಟರ್ ತನಕ ಓಕೆ' ಅಂದರು. ಇದು ಸುಳ್ಳಲ್ಲ. ಎಷ್ಟೋ ಕಂಪನಿಗಳ ಮ್ಯಾನುಯಲ್ಲಿನಲ್ಲಿ 1000 ಕಿಲೋಮೀಟರಿಗೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಅಂತ ಬರೆದಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಸರ್ವಿಸ್ ಅಂತರ 10,000 ಕಿಲೋಮೀಟರ್. ಆ ಮಿತಿಯಲ್ಲೇ ಗಾಡಿ ಕುಡಿದರೆ ಒಂದು ಸರ್ವಿಸಿನಿಂದ ಇನ್ನೊಂದಕ್ಕೆ ಹತ್ತು ಲೀಟರ್ ಬೇಕು. ನನ್ನ ಎಂಜಿನ್ನಿನಲ್ಲಿ ಹಿಡಿಯುವುದು ನಾಲ್ಕು ಲೀಟರಿನ ಆಸುಪಾಸು! ಮಧ್ಯೆ ಕಡ್ಡಿ ನೋಡದವರ ಎಂಜಿನ್ ಗತಿ ಏನು? ಡೆಲಿವರಿ ಕೊಡುವ ದಿನ ಬ್ಲೂಟೂತ್ ಹೇಗೆ ಹಾಕೋದು ಅಂತ ಅರ್ಧ ಗಂಟೆ ಹೇಳಿಕೊಡುತ್ತಾರೆ. ಆಯಿಲ್ ಕಡ್ಡಿ ಎಲ್ಲಿದೆ ಅಂತ ನನಗೆ ಯಾರೂ ತೋರಿಸಿರಲಿಲ್ಲ.

ಕೆಂಪು ಆಯಿಲ್ ಲೈಟ್ ಹತ್ತಿದಾಗ ನೋಡಿದರಾಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬಹಳಷ್ಟು ಗಾಡಿಗಳಲ್ಲಿ ಆ ಕೆಂಪು ಲೈಟ್ ಹೇಳುವುದು ಒತ್ತಡ ಬಿದ್ದಿದೆ ಅಂತ. ಆಯಿಲ್ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಅದು ಹತ್ತುವ ಹೊತ್ತಿಗೆ ಪಂಪಿಗೆ ಎಳೆಯಲು ಆಯಿಲೇ ಸಿಗುತ್ತಿಲ್ಲ ಅಂತ ಇರಬಹುದು. ಹತ್ತಿದರೆ ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಬೇಕು, ಇನ್ನೊಂದು ಕಿಲೋಮೀಟರ್ ಪೆಟ್ರೋಲ್ ಪಂಪ್ ತನಕ ಹೋಗೋಣ ಅನ್ನಬಾರದು. ಟರ್ಬೊ ಗಾಡಿಯಲ್ಲಿ ಇದು ಇನ್ನೂ ಸೂಕ್ಷ್ಮ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಅದನ್ನು ಕಾಯುವುದು ತೆಳ್ಳಗಿನ ಆಯಿಲ್ ಪದರ. ಸುಟ್ಟ ಆಯಿಲ್ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ನಿಧಾನವಾಗಿ ಹಾಳು ಮಾಡುತ್ತದೆ. ಅದರ ಬೆಲೆ ಒಮ್ಮೆ ಕೇಳಿ ನೋಡಿ.

ಇನ್ನು ಗ್ಯಾರೇಜ್. ಹಳೇ ಹುಬ್ಬಳ್ಳಿ ಕಡೆ ಇದೆ. ಬೋರ್ಡ್ ಬಣ್ಣ ಮಾಸಿದೆ, ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ. ಹೋದ ಕೂಡಲೇ ಮಿಸ್ತ್ರಿ ಕಾಕಾ ಗಾಡಿ ಮುಟ್ಟಲಿಲ್ಲ. ಕೂರಿಸಿ ಕೇಳಿದರು. 'ಸದ್ದು ಯಾವಾಗ ಬರ್ತೈತ್ರಿ, ಥಂಡ್ ಇದ್ದಾಗೋ, ಕಾದಮ್ಯಾಲೋ? ಗೇರ್ ಹಾಕಿದಾಗೋ, ನ್ಯೂಟ್ರಲ್‌ದಾಗೋ? ಆಯಿಲ್ ಯಾರು ಹಾಕಿದ್ರು, ಯಾವ ಆಯಿಲ್ ಹಾಕಿದ್ರು?' ನೆಲದ ಮೇಲೆ ಗಾಡಿ ನಿಲ್ಲಿಸುವ ಜಾಗ ತೋರಿಸಿ, ರಾತ್ರಿ ಇಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ನೀವು ಬಂದ ಮೇಲೆಯೇ ಸ್ಟಾರ್ಟ್ ಮಾಡುತ್ತೇನೆ ಅಂದರು. ತಣ್ಣಗಿನ ಎಂಜಿನ್ನಿನ ಮೊದಲ ಸದ್ದು ಕೇಳಬೇಕಂತೆ. ಕಂಪನಿ ಸೆಂಟರಿನಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರು. ಸದ್ದು ಬಂತು. ಡಾಕ್ಟರ್ ಇಟ್ಟುಕೊಳ್ಳುವಂಥದ್ದೇ ಒಂದು ಸ್ಟೆತಸ್ಕೋಪ್, ತುದಿಯಲ್ಲಿ ಉದ್ದ ಕಬ್ಬಿಣದ ಕಡ್ಡಿ. ಅದನ್ನು ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟ್ ಟೆನ್ಶನರ್ ಒಂದೊಂದಕ್ಕೇ ಹಚ್ಚಿ ಕೇಳುತ್ತಾ ಬಂದರು. ಕೊನೆಗೆ ಎಂಜಿನ್ನಿನ ಮೇಲಿನ ಮುಚ್ಚಳವಾದ ವಾಲ್ವ್ ಕವರ್ ಮೇಲೆ ಇಟ್ಟು ನಿಂತರು. ಏನೂ ಹೇಳದೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಕಡ್ಡಿಯನ್ನು ಸ್ವಲ್ಪ ಮೇಲೆ ಎತ್ತಿದರು. ಸಿಳ್ಳೆ ಬಂದ್. ಎಂಜಿನ್ ಒಂಚೂರು ತಡವರಿಸಿತು. ಕಡ್ಡಿ ಮತ್ತೆ ಒಳಗೆ ಇಟ್ಟರು, ಸಿಳ್ಳೆ ಮತ್ತೆ ಚಾಲೂ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ 'ಎತ್ರಿ ನೋಡೋಣ' ಅಂತ ನನಗೆ ಕೊಟ್ಟರು. ಒಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ, ಬಲ ಹಾಕಿ ಎತ್ತಬೇಕಾಯಿತು. 'ಇಷ್ಟ ಜಗ್ಗಬಾರದು ಇದು. ಒಳಗಿನ ರಬ್ಬರ್ ಹರದೈತ್ರಿ' ಅಂದರು. ಕಾಕಾನ ಮಗ ಸ್ಕ್ಯಾನರ್ ಹಾಕಿ ತೋರಿಸಿದ. ಎಂಜಿನ್ ಲೈಟ್ ಹತ್ತಿರಲಿಲ್ಲ, ಆದರೆ ಐಡಲಿನಲ್ಲಿ ಫ್ಯೂಯಲ್ ಟ್ರಿಮ್ ಇರಬೇಕಾದ್ದಕ್ಕಿಂತ ಮೇಲಿತ್ತು. ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ, ಅದನ್ನು ಸರಿದೂಗಿಸಲು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕೊಡುತ್ತಿದೆ ಅಂತ.

ಆ ರಬ್ಬರ್ ಅಂದರೆ ಪಿಸಿವಿ ವಾಲ್ವಿನ ಡಯಾಫ್ರಮ್. ಎಂಜಿನ್ ಓಡುವಾಗ ಪಿಸ್ಟನ್ ರಿಂಗಿನ ಸಂದಿಯಿಂದ ಸ್ವಲ್ಪ ಹೊಗೆ ಕೆಳಗೆ, ಆಯಿಲ್ ಇರುವ ಕಡೆ ನುಗ್ಗುತ್ತಲೇ ಇರುತ್ತದೆ. ಎಷ್ಟೇ ಹೊಸ ಎಂಜಿನ್ ಆದರೂ ಇದು ತಪ್ಪಿದ್ದಲ್ಲ. ಬಹಳ ಹಿಂದಿನ ಗಾಡಿಗಳಲ್ಲಿ ಆ ಹೊಗೆಯನ್ನು ಒಂದು ಪೈಪಿನಿಂದ ರಸ್ತೆಗೇ ಬಿಡುತ್ತಿದ್ದರು. ಈಗ ಹಾಗೆ ಬಿಡುವ ಹಾಗಿಲ್ಲ, ಮತ್ತೆ ಎಂಜಿನ್ನಿಗೇ ಎಳೆದು ಸುಡಬೇಕು. ಎಷ್ಟು ಎಳೆಯಬೇಕು ಅನ್ನುವುದನ್ನು ಹಿಡಿತದಲ್ಲಿ ಇಡುವುದೇ ಪಿಸಿವಿ. ನನ್ನ ಎಂಜಿನ್ನಿನಲ್ಲಿ ಅದರೊಳಗೆ ಒಂದು ತೆಳು ರಬ್ಬರ್ ಇದೆ. ಅದು ಹರಿದರೆ ಎಂಜಿನ್ನಿನ ಪೂರ್ತಿ ಎಳೆತ ಕೆಳಗಿನ ಆಯಿಲ್ ಭಾಗದ ಮೇಲೆ ಬೀಳುತ್ತದೆ. ಆಯಿಲಿನ ಸಣ್ಣ ಹನಿಗಳೂ ಗಾಳಿಯ ಜೊತೆ ಒಳಗೆ ಹೋಗಿ ಸುಡುತ್ತವೆ. ಹರಿದ ಕಡೆಯಿಂದ, ಸೀಲಿನ ಸಂದಿಯಿಂದ ಹೊರಗಿನ ಗಾಳಿ ನುಗ್ಗುವಾಗ ಸಿಳ್ಳೆ. ಕಡ್ಡಿ ಎತ್ತಿದರೆ ಗಾಳಿಗೆ ದೊಡ್ಡ ದಾರಿ ಸಿಗುತ್ತದೆ, ಸಿಳ್ಳೆ ನಿಲ್ಲುತ್ತದೆ. ಘಟ್ಟ ಇಳಿದ ಮೇಲಿನ ನೀಲಿ ಹೊಗೆಗೂ ಇದೇ ಕಾರಣ. ಒಂದೇ ಚಿಕ್ಕ ರಬ್ಬರಿಗೆ ಎಲ್ಲ ಕಾಟವೂ ತಳುಕು ಹಾಕಿಕೊಂಡಿತ್ತು.

ನಾನು ಅಲ್ಲೇ ರಿಪೇರಿ ಮಾಡಿಬಿಡಿ ಅಂದೆ. ಕಾಕಾ ಒಪ್ಪಲಿಲ್ಲ. 'ವಾರಂಟಿ ಐತ್ರಿ. ನಾ ಕೈ ಹಚ್ಚಿದ್ರ ನಾಳೆ ಏನರ ಆದ್ರ ನನ್ ಮ್ಯಾಲೆ ಹಾಕ್ತಾರ. ನಿಮ್ಮ ರೊಕ್ಕಾ ಯಾಕ ಖರ್ಚು ಮಾಡ್ತೀರಿ, ಅವರ ಕಡೇನ ಹಾಕಿಸ್ಕೋರಿ.' ನೋಡಿದ್ದಕ್ಕೆ 300 ರೂಪಾಯಿ ತಗೊಂಡರು. ಏನೇನು ಪರೀಕ್ಷೆ ಮಾಡಿದರು ಅಂತ ಒಂದು ಚೀಟಿ ಬರೆದು ಕೊಟ್ಟರು. ಕೈಗೆ ಬಂದ ಕೆಲಸ ಬಿಟ್ಟು ದಾರಿ ಹೇಳಿ ಕಳಿಸಿದ ಈ ಮನುಷ್ಯನಿಗೆ ಐದು ಸ್ಟಾರ್ ಕೂಡ ಕಡಿಮೆಯೇ.

ಅವರು ಹೇಳಿದ ಹಾಗೆ ಆಯಿಲನ್ನು ಸರಿಯಾಗಿ ಅಳೆದೆ. ಮಾಡುವ ರೀತಿ ಹೇಳುತ್ತೇನೆ, ಯಾರಿಗಾದರೂ ಬೇಕಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಎಂಜಿನ್ ಬಿಸಿಯಾಗಿರಬೇಕು, ಬಂದ್ ಮಾಡಿ ಐದರಿಂದ ಹತ್ತು ನಿಮಿಷ ಬಿಡಬೇಕು, ಮೇಲಿನ ಆಯಿಲ್ ಕೆಳಗೆ ಇಳಿಯಲಿ. ನಿಮ್ಮ ಮ್ಯಾನುಯಲ್ಲಿನಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಮಾಡಿ, ಆದರೆ ಪ್ರತಿ ಸಲ ಒಂದೇ ಜಾಗ, ಒಂದೇ ಕ್ರಮ ಇರಲಿ. ಕಡ್ಡಿ ಒರೆಸಿ, ಪೂರ್ತಿ ಒಳಗೆ ಹಾಕಿ, ತೆಗೆದು ಎರಡೂ ಬದಿ ನೋಡಿ. ಮೇಲಿನ ಗೆರೆ ತನಕ ತುಂಬಿಸಿ ಓಡೋಮೀಟರ್ ಫೋಟೋ ತೆಗೆಯಿರಿ. ಸಾವಿರ ಕಿಲೋಮೀಟರ್ ಆದ ಮೇಲೆ ಅಳತೆ ಗೆರೆ ಇರುವ ಡಬ್ಬಿಯಿಂದ ಮತ್ತೆ ಅದೇ ಗೆರೆ ತನಕ ತುಂಬಿಸಿ. ಎಷ್ಟು ಹಿಡಿಯಿತೋ ಅಷ್ಟು ನಿಮ್ಮ ಗಾಡಿ ಕುಡಿದದ್ದು. ನನ್ನದು 600 ಮಿಲಿ ಬಂತು. ಸರ್ವಿಸ್ ಸೆಂಟರಿನವರೇ ಈ ಪರೀಕ್ಷೆ ಮಾಡುವುದಾದರೆ ಆಯಿಲ್ ಇಳಿಸುವ ಬೋಲ್ಟ್, ಮುಚ್ಚಳ ಎರಡಕ್ಕೂ ಗುರುತು ಹಾಕಿ ಕೊಡುತ್ತಾರೆ, ಮಧ್ಯೆ ಯಾರೂ ತೆಗೆದಿಲ್ಲ ಅಂತ ಗೊತ್ತಾಗಲು. ಕೇಳಿ ಮಾಡಿಸಿಕೊಳ್ಳಿ.

ದಪ್ಪ ಆಯಿಲ್ ಹಾಕಿ ಸುಮ್ನೆ ಓಡಿಸಿ ಅಂತ ಹೇಳುವವರು ಎಲ್ಲೆಡೆ ಸಿಗುತ್ತಾರೆ. ವಾರಂಟಿ ಇರುವ ಗಾಡಿಗೆ ಅದನ್ನು ಮಾಡಲೇಬೇಡಿ. ಈಗಿನ ಸಣ್ಣ ಟರ್ಬೊ ಎಂಜಿನ್‌ಗಳಿಗೆ ಆಯಿಲಿನ ದಪ್ಪ ಒಂದೇ ಅಲ್ಲ, ಅದರ ದರ್ಜೆ ಕೂಡ ಮುಖ್ಯ. ಎಪಿಐ ಅನ್ನುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ 2020ರಲ್ಲಿ ತಂದ ಎಸ್‌ಪಿ ದರ್ಜೆಯಲ್ಲಿ ಇಂಥ ಎಂಜಿನ್‌ಗಳಲ್ಲಿ ಕಡಿಮೆ ಸ್ಪೀಡಿನಲ್ಲೇ ಪೆಟ್ರೋಲ್ ಮುಂಚಿತವಾಗಿ ಹೊತ್ತಿಕೊಳ್ಳುವುದನ್ನು ತಡೆಯುವ ಪರೀಕ್ಷೆ, ಟೈಮಿಂಗ್ ಚೈನ್ ಸವೆತದ ಪರೀಕ್ಷೆ ಎರಡೂ ಇವೆ. ಮ್ಯಾನುಯಲ್ಲಿನಲ್ಲಿ ಬರೆದ ಗ್ರೇಡೇ ಹಾಕಿ, ಸೀಲ್ ನೋಡಿ ತಗೊಳ್ಳಿ, ಬಿಲ್ ಇಟ್ಟುಕೊಳ್ಳಿ. ಮಧ್ಯೆ ನೀವೇ ಹಾಕಿದ ಪ್ರತಿ ಡಬ್ಬಿಯ ಬಿಲ್ ಕೂಡ ಮುಂದೆ ಸಾಕ್ಷಿಯಾಗುತ್ತದೆ.

ಚೀಟಿ, ಅಳತೆ, ಕಡ್ಡಿ ಎತ್ತಿದಾಗ ಸಿಳ್ಳೆ ನಿಲ್ಲುವ ವಿಡಿಯೋ ಎಲ್ಲ ಹಿಡಿದು ಮತ್ತೆ ಸರ್ವಿಸ್ ಸೆಂಟರಿಗೆ ಹೋದೆ. ಈ ಸಲ ಅಡ್ವೈಸರ್ ಹತ್ತಿರ ಮಾತಾಡದೆ ವರ್ಕ್ಸ್ ಮ್ಯಾನೇಜರನ್ನೇ ಕೇಳಿದೆ. ಮೊದಲು ಅದೇ ಮಾತು, 600 ಮಿಲಿ ಮಿತಿಯೊಳಗೇ ಇದೆ ಅಂತ. ನಾನು ಹೇಳಿದ್ದು ಇಷ್ಟೇ. ಮಿತಿ ಏನೇ ಇರಲಿ, ಮೊದಲ ವರ್ಷ ಕುಡಿಯದ ಗಾಡಿ ಈಗ ಯಾಕೆ ಕುಡಿಯುತ್ತಿದೆ? ಹರಿದ ರಬ್ಬರಿಗೆ ಯಾವ ಮಿತಿ ಇದೆ? ನಿಮ್ಮ ಕೈಯಿಂದಲೇ ಕಡ್ಡಿ ಎತ್ತಿ ನೋಡಿ. ಎತ್ತಿದರು. ಅವರ ಮುಖ ನೋಡಿದಾಗಲೇ ಗೊತ್ತಾಯಿತು, ಅವರಿಗೂ ತಿಳಿಯಿತು ಅಂತ. ಅಲ್ಲಿಂದ ಮುಂದೆ ಅವರು ಚೆನ್ನಾಗಿಯೇ ನಡೆದುಕೊಂಡರು ಅಂತ ಹೇಳಲೇಬೇಕು. ದೂರನ್ನು ನಾನು ಹೇಳಿದ ಮಾತಿನಲ್ಲೇ ಬರೆದುಕೊಂಡರು. ಕಂಪನಿಗೆ ಫೋಟೋ, ವಿಡಿಯೋ ಕಳಿಸಿದರು. ನಾನೂ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಹಾಕಿ ದೂರಿನ ನಂಬರ್ ತಗೊಂಡೆ. ಈ ಎಂಜಿನ್ನಿನಲ್ಲಿ ಪಿಸಿವಿ ಬಿಡಿಯಾಗಿ ಸಿಗುವುದಿಲ್ಲ, ವಾಲ್ವ್ ಕವರ್ ಜೊತೆಗೇ ಬರುತ್ತದೆ. ಪಾರ್ಟ್ ಹೊರಗಿನಿಂದ ಬರಬೇಕಾಗಿತ್ತು, ಕಾಯಬೇಕಾಯಿತು. ಪೂರ್ತಿ ಕವರ್ ಬದಲಾಯಿಸಿ, ಗಾಳಿ ಪೈಪಿನಲ್ಲಿ ನಿಂತಿದ್ದ ಆಯಿಲ್ ಒರೆಸಿ, ಆಯಿಲ್ ಸರಿಯಾಗಿ ಗೆರೆ ತನಕ ತುಂಬಿ ಕೊಟ್ಟರು. ಒಂದು ರೂಪಾಯಿ ತಗೊಳ್ಳಲಿಲ್ಲ. ಎರಡನೇ ಸ್ಟಾರ್ ಕೊಟ್ಟದ್ದು ಇದಕ್ಕೆ.

ಉಳಿದ ಮೂರು ಯಾಕೆ ಇಲ್ಲ ಅಂದರೆ, ಈ ಪರೀಕ್ಷೆಗೆ ಬೇಕಾಗಿದ್ದು ಎರಡು ಬೆರಳು ಮತ್ತು ಒಂದು ನಿಮಿಷ. ಕಂಪನಿಯ ತರಬೇತಿ, ಕಂಪನಿಯ ಸ್ಕ್ಯಾನರ್ ಎಲ್ಲ ಇದ್ದೂ ಮೊದಲ ದಿನವೇ ಅದು ಆಗಲಿಲ್ಲ. ಎಲ್ಲರಿಗೂ ಹೊರಗೆ ಒಬ್ಬ ಕಾಕಾ ಸಿಗುವುದಿಲ್ಲ. ಸಿಗದವರು ಪ್ರತಿ ತಿಂಗಳು ಆಯಿಲ್ ಹಾಕಿಕೊಂಡು, ವಾರಂಟಿ ಮುಗಿಯುವ ತನಕ 'ನಾರ್ಮಲ್' ಅಂತ ನಂಬಿಕೊಂಡು ಓಡಿಸುತ್ತಾರೆ. ಆಮೇಲೆ ಅದೇ ಕವರಿಗೆ ಕೈಯಿಂದ ದುಡ್ಡು ಕೊಡಬೇಕು. ನನಗೆ ಬೇಜಾರಾಗುವುದು ಅದಕ್ಕೆ.

ನಿಮ್ಮ ಗಾಡಿಯಲ್ಲಿ ಪಿಸಿವಿ ಸರಿ ಇದ್ದು ಆದರೂ ಆಯಿಲ್ ಇಳಿಯುತ್ತಿದ್ದರೆ ಸಿಲಿಂಡರಿನಲ್ಲಿ ಒತ್ತಡ ಸರಿಯಾಗಿ ನಿಲ್ಲುತ್ತದೋ ಅಂತ ನೋಡುವ ಕಂಪ್ರೆಷನ್ ಪರೀಕ್ಷೆ, ಲೀಕ್ ಡೌನ್ ಪರೀಕ್ಷೆ ಮಾಡಿಸಿ ಅಂತ ಬರೆದು ಕೇಳಿ. ಪಿಸ್ಟನ್ ರಿಂಗ್ ಸಮಸ್ಯೆ ಹೊಸ ಗಾಡಿಗೆ ಬರುವುದೇ ಇಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಅಮೆರಿಕದಲ್ಲಿ ಸುಬಾರು ಗಾಡಿಗಳು ಆಯಿಲ್ ಕುಡಿಯುತ್ತವೆ ಅಂತ ಗ್ರಾಹಕರು ಕೋರ್ಟಿಗೆ ಹೋಗಿ, 2016ರ ಒಪ್ಪಂದದಲ್ಲಿ ಆ ತೊಂದರೆಗೆ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಹೆಚ್ಚಿಸಬೇಕಾಯಿತು.  ಇಲ್ಲಿ ಸೆಂಟರ್ ಕೇಳದಿದ್ದರೆ ಕಂಪನಿಗೆ ಇಮೇಲ್, ಅದಕ್ಕೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಮೀರಿದರೆ ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತೊಂದರೆಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ಬಾಯಿಮಾತು ನಿಲ್ಲುವುದಿಲ್ಲ. 'ತೊಂದರೆ ಕಂಡುಬಂದಿಲ್ಲ' ಅಂತ ಬರೆದ ಜಾಬ್ ಕಾರ್ಡ್ ಕೂಡ ಎಸೆಯಬೇಡಿ, ನೀವು ದೂರು ಕೊಟ್ಟ ತಾರೀಖಿಗೆ ಅದೇ ದಾಖಲೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಬರಲಿಲ್ಲ.

ಈಗ ಗಾಡಿ ಹೇಗಿದೆ? ಸಿಳ್ಳೆ ಪೂರ್ತಿ ಹೋಗಿದೆ. ಅದೇ ಸಾವಿರ ಕಿಲೋಮೀಟರಿನ ಅಳತೆ ಮತ್ತೆ ಮಾಡಿದೆ, ಕಡ್ಡಿಯಲ್ಲಿ ಗುರುತಿಸುವಷ್ಟು ಇಳಿದಿಲ್ಲ. ಮೈಲೇಜ್ ಕೂಡ ಸ್ವಲ್ಪ ಸುಧಾರಿಸಿದೆ. ಗದಗಕ್ಕೆ ಹೋಗುವಾಗ ಅಣ್ಣಿಗೇರಿ ದಾಟಿದ ಮೇಲಿನ ನೇರ ರಸ್ತೆಯಲ್ಲಿ ಹಿಂದೆ ಗೆಳೆಯನನ್ನು ಬಿಟ್ಟು ಹೊಗೆ ನೋಡಿಸಿದೆ, ಇಲ್ಲ. ಸರ್ವಿಸ್ ಆದ ಮೇಲೆ ಅಭಿಪ್ರಾಯ ಕೇಳುವ ಫೋನ್ ಬಂತು. ಹತ್ತಕ್ಕೆ ಹತ್ತು ಕೊಡಿ ಸರ ಅಂತ ಆ ಹುಡುಗ ಮೊದಲೇ ಕೇಳಿಕೊಂಡಿದ್ದ. ಅವನ ಕೆಲಸಕ್ಕೆ ತೊಂದರೆಯಾಗದಿರಲಿ ಅಂತ ನಡವಳಿಕೆಗೆ ಪೂರ್ತಿ ಅಂಕ ಕೊಟ್ಟು, ದೋಷ ಹುಡುಕುವುದಕ್ಕೆ ಎಷ್ಟು ಕೊಡಬೇಕೋ ಅಷ್ಟೇ ಕೊಟ್ಟು, ಕಾರಣವನ್ನೂ ಹೇಳಿದೆ. ಈಗ ನನ್ನ ಗಾಡಿ ಒಳಗೆ ಹೋದರೆ ಕಡ್ಡಿಯ ಫೋಟೋ ತೆಗೆದು ಜಾಬ್ ಕಾರ್ಡಿಗೆ ಹಚ್ಚುತ್ತಾರೆ. ಎಲ್ಲ ಗಾಡಿಗೂ ಹಾಗೆ ಮಾಡಿ ಅಂತ ಬರೆದು ಕೊಟ್ಟಿದ್ದೇನೆ.

ಎಡಗಡೆ ಮುಂದಿನ ಚಕ್ರದ ಟಕ್ ಟಕ್ ಮಾತ್ರ ಉಳಿದಿತ್ತು. ಲಿಂಕ್ ರಾಡ್ ಸವೆಯುವ ಸಾಮಾನು, ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಅದನ್ನು ಕಾಕಾ ಹತ್ತಿರವೇ ಹಾಕಿಸಿದೆ. ಕಂಪನಿ ಸಾಮಾನನ್ನೇ ತರಿಸಿ, ಜೋಡಿಯಾಗಿ ಎರಡೂ ಬದಿ ಹಾಕಿ, ಹಳೆಯದನ್ನು ಕೈಗೆ ಕೊಟ್ಟು ಅಲ್ಲಾಡಿಸಿ ತೋರಿಸಿದರು. ಅವರ ಹತ್ತಿರ ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಹನ್ನೊಂದರ ಮೇಲೆ ಹೋದರೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಕಾರ್ಡ್ ತಗೊಳ್ಳುವುದಿಲ್ಲ, ಫೋನ್ ಪೇ ನಡೆಯುತ್ತದೆ.